ಝಾರ್ ಸೇನೆಯ ‘ಆಡಿಟರ್’ ಲೆಕ್ಕ ನೋಡುವವನಲ್ಲ

ಓದುಗರ ಪ್ರಶ್ನೆ: ನಾನು ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದೇನೆ. ಬಿಡುವಿನ ವೇಳೆಯಲ್ಲಿ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕ ಝಾರ್ ಕಾಲದ ರಷ್ಯಾದ ಸೇನೆಯಲ್ಲಿ ವಕೀಲ. 1857ರಲ್ಲಿ ಹುಟ್ಟಿದ ಇವನು ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1880ರಲ್ಲಿ ‘ಆಡಿಟರ್’ ಹುದ್ದೆಯ ಮೂಲಕ ಸೇನೆ ಸೇರುತ್ತಾನೆ. ಮೊದಲು ಸೈನಿಕರ ಪರವಾಗಿ ವಾದಿಸುತ್ತಾನೆ, ಆಮೇಲೆ ಪ್ರಾಸಿಕ್ಯೂಟರ್ ಆಗುತ್ತಾನೆ. 1906ರಲ್ಲಿ ಸೇನೆಯ ‘ಫೀಲ್ಡ್ ಕೋರ್ಟ್’ ಒಂದರಲ್ಲಿ ಕ್ರಾಂತಿಕಾರಿ ಯುವಕನೊಬ್ಬನ ಪರ ನಿಂತು ಅವನನ್ನು ಗಲ್ಲಿನಿಂದ ಪಾರುಮಾಡುವುದು ಕಥೆಯ ಶಿಖರ. ಹಸ್ತಪ್ರತಿ ಓದಿದ ಹಿರಿಯ ಸಹೋದ್ಯೋಗಿಯೊಬ್ಬರು, ‘ಆಡಿಟರ್ ಎಂದರೆ ಲೆಕ್ಕ ತನಿಖೆ ಮಾಡುವವನಲ್ಲವೇ? ಝಾರ್ ಸೇನೆಯಲ್ಲಿ ಕಾನೂನು ಎಲ್ಲಿತ್ತು? ಆರೋಪಿಯ ಪರ ನಿಂತವನೇ ಮರುವರ್ಷ ಪ್ರಾಸಿಕ್ಯೂಟರ್ ಆದರೆ ಓದುಗ ಅವನನ್ನು ನಂಬುತ್ತಾನೆಯೇ?’ ಎಂದು ಕೇಳಿದರು. ಮೂರು ವರ್ಷದ ಶ್ರಮ ನೀರಿನಲ್ಲಿ ಹೋಮವಾಯಿತೇ ಎಂಬ ಆತಂಕ ನನ್ನದು.

ಉತ್ತರ: ಶ್ರಮ ವ್ಯರ್ಥವಾಗಿಲ್ಲ. ಆದರೆ ನಿಮ್ಮ ಸಹೋದ್ಯೋಗಿ ಬೆರಳಿಟ್ಟ ಮೂರು ಜಾಗಗಳಲ್ಲಿ ತಪ್ಪಿರುವುದು ಒಂದರಲ್ಲಿ ಮಾತ್ರ. ಅವರು ಕೈಯಿಡದೆ ಬಿಟ್ಟ ನಾಲ್ಕನೆಯ ಜಾಗದಲ್ಲಿ, ಅಂದರೆ ನಿಮ್ಮ ಶಿಖರದೃಶ್ಯದಲ್ಲಿ, ಅದಕ್ಕಿಂತ ದೊಡ್ಡ ತಪ್ಪಿದೆ. ರಷ್ಯಾದ ಹಳೆಯ ಸೇನಾ ನ್ಯಾಯದಾಖಲೆಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ ಇಂಥ ಪ್ರಶ್ನೆಗಳು ಕಾದಂಬರಿಕಾರರಿಂದಲೇ ಹೆಚ್ಚಾಗಿ ಬರುತ್ತವೆ, ಮತ್ತು ಗೊಂದಲ ಬಹುಮಟ್ಟಿಗೆ ಪದದಿಂದಲೇ ಶುರುವಾಗುತ್ತದೆ.

‘ಆಡಿಟರ್’ ಎಂಬುದಕ್ಕೆ ಲ್ಯಾಟಿನ್ ಮೂಲದಲ್ಲಿ ‘ಕೇಳುವವನು’ ಎಂದರ್ಥ. ಮಹಾಪೀಟರ್ ತನ್ನ ಸೇನೆಗೆ ಯುರೋಪಿನ ಮಾದರಿಯ ನಿಯಮಗಳನ್ನು ತಂದಾಗ ಈ ಹುದ್ದೆಯೂ ಜೊತೆಗೆ ಬಂತು. ರೆಜಿಮೆಂಟಿನ ನ್ಯಾಯಾಲಯದಲ್ಲಿ ತೀರ್ಪು ಕೊಡುತ್ತಿದ್ದವರು ಕಾನೂನು ಓದದ ಅಧಿಕಾರಿಗಳು. ಅವರ ಪಕ್ಕದಲ್ಲಿ ಕುಳಿತು ಕಡತ ಸಿದ್ಧಪಡಿಸಿ, ಪ್ರಕರಣದ ಸಾರಾಂಶ ಬರೆದು, ಇದಕ್ಕೆ ಈ ಕಲಮು ಅನ್ವಯವಾಗುತ್ತದೆ ಎಂದು ತೋರಿಸುವವನೇ ಆಡಿಟರ್. ಅವನಿಗೆ ಮತವಿರಲಿಲ್ಲ, ಪ್ರತಿಷ್ಠೆಯೂ ಇರಲಿಲ್ಲ. ವಿಚಾರಣೆಯೆಲ್ಲ ಮುಚ್ಚಿದ ಬಾಗಿಲ ಹಿಂದೆ, ಕಾಗದದ ಮೇಲೆಯೇ ನಡೆಯುತ್ತಿದ್ದುದರಿಂದ ಎದ್ದು ನಿಂತು ವಾದಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಈ ಸರಪಳಿಯ ಮೇಲ್ತುದಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಜನರಲ್ ಆಡಿಟೋರಿಯಾಟ್ ಇತ್ತು. 1849ರಲ್ಲಿ ದಾಸ್ತೊಯೆವ್‌ಸ್ಕಿ ಮತ್ತು ಅವನ ಸಂಗಡಿಗರ ಪ್ರಕರಣವನ್ನು ಪರಿಶೀಲಿಸಿದ್ದು ಇದೇ ಸಂಸ್ಥೆ. ಆ ಡಿಸೆಂಬರ್ 22ರಂದು ಸೆಮ್ಯೊನೊವ್‌ಸ್ಕಿ ಮೈದಾನದಲ್ಲಿ ಅವರನ್ನು ಗುಂಡಿಗೆ ಒಡ್ಡುವಂತೆ ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ಶಿಕ್ಷೆ ಇಳಿಸಿದ ಆದೇಶ ಓದಿದ್ದು ನಿಮಗೆ ತಿಳಿದೇ ಇದೆ.

ಆದ್ದರಿಂದ ಆಡಿಟರ್ ಲೆಕ್ಕ ಪರಿಶೋಧಕನಲ್ಲ ಎಂಬಲ್ಲಿ ನೀವು ಸರಿ. ತಪ್ಪಿರುವುದು ಇಸವಿಯಲ್ಲಿ. 1861ರಿಂದ 1881ರವರೆಗೆ ಯುದ್ಧಮಂತ್ರಿಯಾಗಿದ್ದ ದ್ಮಿತ್ರಿ ಮಿಲ್ಯುತಿನ್ ಸೇನೆಯನ್ನು ಬುಡದಿಂದ ಬದಲಿಸಿದ. 1863ರ ಏಪ್ರಿಲ್‌ನಲ್ಲಿ, ಸೈನಿಕನನ್ನು ಎರಡು ಸಾಲು ಬೆತ್ತಗಳ ನಡುವೆ ನಡೆಸಿ ಹೊಡೆಯುವ ಶಿಕ್ಷೆ ರದ್ದಾಯಿತು. ದೇಶದ ನಾಗರಿಕ ನ್ಯಾಯಾಲಯಗಳ ಸುಧಾರಣೆ 1864ರಲ್ಲಿ ಆಗಿ, ಅದೇ ಅಚ್ಚಿನಲ್ಲಿ 1867ರಲ್ಲಿ ಸೇನಾ ನ್ಯಾಯಸಂಹಿತೆ ಬಂತು. ಅದರೊಂದಿಗೆ ಮೌಖಿಕ ವಿಚಾರಣೆ, ಪ್ರಾಸಿಕ್ಯೂಟರ್, ಆರೋಪಿಯ ಪರ ವಾದಿಸುವವನು, ಮೇಲ್ಮನವಿ ಎಲ್ಲವೂ ಬಂದವು. ಕೆಳಗೆ ರೆಜಿಮೆಂಟಿನ ನ್ಯಾಯಾಲಯ, ನಡುವೆ ಸೇನಾ ಜಿಲ್ಲೆಯ ನ್ಯಾಯಾಲಯ, ಮೇಲೆ ರಾಜಧಾನಿಯಲ್ಲಿ ಪ್ರಧಾನ ಸೇನಾ ನ್ಯಾಯಾಲಯ. ಹಳೆಯ ಆಡಿಟರ್ ಹುದ್ದೆ ಈ ಹೊಸ ಕಟ್ಟಡದಲ್ಲಿ ಮರೆಯಾಯಿತು. ನಿಮ್ಮ ನಾಯಕ 1880ರಲ್ಲಿ ಆಡಿಟರ್ ಆಗಿ ಸೇರುವುದೆಂದರೆ, ನಮ್ಮಲ್ಲಿ ಒಬ್ಬಾತ 1980ರಲ್ಲಿ ಶಾನುಭೋಗಿಕೆಗೆ ಅರ್ಜಿ ಹಾಕಿದಂತೆ.

ಹಾಗಾದರೆ ಅವನು ಹೇಗೆ ಸೇರಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಕಥೆಯ ಸ್ವಭಾವವೇ ಈ ದಾರಿಯ ಮೇಲೆ ನಿಂತಿದೆ. 1880ರ ದಶಕದಲ್ಲಿ ಸೇನಾ ನ್ಯಾಯ ಇಲಾಖೆಯ ಹೆದ್ದಾರಿ ವಿಶ್ವವಿದ್ಯಾಲಯದಿಂದಲ್ಲ, ರೆಜಿಮೆಂಟಿನಿಂದ ಹೊರಡುತ್ತಿತ್ತು. ಯುವಕನು ಮೊದಲು ಕೆಡೆಟ್ ಅಥವಾ ಯುಂಕರ್ ಶಾಲೆಯಲ್ಲಿ ಓದಿ ಅಧಿಕಾರಿಯಾಗಬೇಕು, ಕೆಲವು ವರ್ಷ ಪಡೆಯಲ್ಲಿ ಕವಾಯತು, ಕಾವಲು, ದಾಸ್ತಾನು ನೋಡಿಕೊಳ್ಳಬೇಕು, ಆಮೇಲೆ ಪ್ರವೇಶ ಪರೀಕ್ಷೆ ಬರೆದು ಸೇಂಟ್ ಪೀಟರ್ಸ್‌ಬರ್ಗ್‌ನ ಮೊಯ್ಕಾ ನದಿದಂಡೆಯ ಮೇಲಿದ್ದ ಸೇನಾ ಕಾನೂನು ಅಕಾಡೆಮಿಯನ್ನು ಸೇರಬೇಕು. (ಈ ಅಕಾಡೆಮಿಗೆ ‘ಅಲೆಕ್ಸಾಂದ್ರ್’ ಹೆಸರು ಸೇರಿದ್ದು 1908ರಲ್ಲಿ. ಅದಕ್ಕಿಂತ ಹಿಂದಿನ ಅಧ್ಯಾಯಗಳಲ್ಲಿ ಆ ಹೆಸರನ್ನು ಬಳಸಬೇಡಿ.) ಅಲ್ಲಿಂದ ಹೊರಬಿದ್ದವನು ಸಮವಸ್ತ್ರದಲ್ಲೇ ಉಳಿಯುತ್ತಿದ್ದ, ಅಂದರೆ ಅವನು ಸೇನೆ ಬಾಡಿಗೆಗೆ ಪಡೆದ ವಕೀಲನಲ್ಲ, ಕಾನೂನು ಕಲಿತ ಸೇನಾಧಿಕಾರಿ. ಕರ್ನಲ್ ಪದವಿ ತಲುಪಿದರೆ 1856ರ ನಿಯಮದಂತೆ ವಂಶಪಾರಂಪರ್ಯ ಕುಲೀನತೆಯೂ ದೊರೆಯುತ್ತಿತ್ತು. ಬಡ ಅಧಿಕಾರಿಯ, ಸಣ್ಣ ಗುಮಾಸ್ತನ ಮಗನಿಗೆ ಈ ಆಸೆ ಸಣ್ಣದಲ್ಲ. ಆದರ್ಶವಾದಿಯೊಬ್ಬ ಈ ಇಲಾಖೆಗೆ ಏಕೆ ಹೋಗುತ್ತಾನೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ. ನಿಮ್ಮ ಹಸ್ತಪ್ರತಿಯಲ್ಲಿ ನಾಯಕನ ಸಂಬಳ, ಮುಂಬಡ್ತಿ, ಮಾನಗಳ ಸುದ್ದಿಯೇ ಇಲ್ಲದಿರುವುದು ನನಗೆ ಕೊರತೆಯಾಗಿ ಕಂಡಿತು.

ಅಕಾಡೆಮಿಯಿಂದ ಬಂದ ಕೂಡಲೇ ಅವನು ನ್ಯಾಯಾಧೀಶನಾಗುತ್ತಿರಲಿಲ್ಲ. ಅವನನ್ನು ಜಿಲ್ಲಾ ಸೇನಾ ನ್ಯಾಯಾಲಯಕ್ಕೆ ‘ಕ್ಯಾಂಡಿಡೇಟ್’ ಎಂದು ಸೇರಿಸಿಕೊಳ್ಳುತ್ತಿದ್ದರು. ನಮ್ಮ ಹಳೆಯ ಕಚೇರಿಗಳ ‘ಉಮೇದುವಾರ’ ಎಂಬ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಅದನ್ನೇ ಬಳಸಿ. ಆರೋಪಿ ಸೈನಿಕರ ಪರವಾಗಿ ವಾದಿಸುವ ಕೆಲಸ ಬೀಳುತ್ತಿದ್ದುದು ಈ ಉಮೇದುವಾರರ ಮೇಲೆ. ಅವನ ಕೆಲಸ ಮೆಚ್ಚುಗೆಯಾದರೆ ಸಹಾಯಕ ಪ್ರಾಸಿಕ್ಯೂಟರ್ ಅಥವಾ ಸೇನಾ ತನಿಖಾಧಿಕಾರಿ, ಮುಂದೆ ಸೇನಾ ನ್ಯಾಯಾಧೀಶ. ಅಂದರೆ ಸೈನಿಕನ ಪರ ವಾದಿಸುವುದು, ಅವನ ವಿರುದ್ಧ ವಾದಿಸುವುದು, ಅವನಿಗೆ ತೀರ್ಪು ಹೇಳುವುದು ಮೂರು ಬೇರೆ ಬೇರೆ ವೃತ್ತಿಗಳಾಗಿರಲಿಲ್ಲ. ಒಂದೇ ಇಲಾಖೆಯ ಒಬ್ಬನೇ ಮನುಷ್ಯನ ಬೇರೆ ಬೇರೆ ವಯಸ್ಸುಗಳಾಗಿದ್ದವು. ನಿಮ್ಮ ನಾಯಕ ಪ್ರಾಸಿಕ್ಯೂಟರ್ ಆದದ್ದು ಪಕ್ಷಾಂತರವಲ್ಲ, ಮುಂಬಡ್ತಿ. ಸಹೋದ್ಯೋಗಿಗೆ ಹೀಗೆ ಹೇಳಿ, ಆದರೆ ಅವರ ಅನುಮಾನವನ್ನು ಪೂರ್ತಿ ತಳ್ಳಿಹಾಕಬೇಡಿ. ಇಂದು ಸೈನಿಕನ ಪರ ವಾದಿಸುವ ಯುವಕನ ನಾಳಿನ ನೇಮಕ ಎದುರು ಮೇಜಿನ ಪ್ರಾಸಿಕ್ಯೂಟರ್‌ನ ಇಲಾಖೆಯ ಕೈಯಲ್ಲೇ ಇದ್ದರೆ, ಅವನು ಎಷ್ಟು ಗಟ್ಟಿಯಾಗಿ ವಾದಿಸುತ್ತಾನೆ? ನಿಮ್ಮ ಕಾದಂಬರಿಯ ನಿಜವಾದ ಬಿಕ್ಕಟ್ಟು ಇರುವುದು ಇಲ್ಲೇ ಎಂದು ನನಗನಿಸುತ್ತದೆ.

ನೀವು ಕಟ್ಟಿಕೊಂಡ ನಾಯಕನಿಗೆ ತೀರ ಹತ್ತಿರದ ಒಬ್ಬ ನಿಜವಾದ ವ್ಯಕ್ತಿ ಇದ್ದ. ಅಲೆಕ್ಸಾಂದ್ರ್ ಝಿರ್ಕೆವಿಚ್ ಎಂಬ ಇವನು ಹುಟ್ಟಿದ್ದೂ 1857ರಲ್ಲೇ. ವಿಲ್ನಾದ ಯುಂಕರ್ ಶಾಲೆಯಲ್ಲಿ ಓದಿ, ಕಾಲಾಳು ರೆಜಿಮೆಂಟಿನಲ್ಲಿ ಸೇವೆ ಮಾಡಿ, 1888ರಲ್ಲಿ ಅಕಾಡೆಮಿ ಮುಗಿಸಿದ. ವಿಲ್ನಾ ಸೇನಾ ಜಿಲ್ಲೆಯಲ್ಲಿ ಆರೋಪಿಗಳ ಪರ ವಾದ, ಸಹಾಯಕ ಪ್ರಾಸಿಕ್ಯೂಟರಿಕೆ, ತನಿಖೆ, ನ್ಯಾಯಾಧೀಶಗಿರಿ ಎಲ್ಲವನ್ನೂ ಕಂಡ. ಕವಿತೆ ಬರೆಯುತ್ತಿದ್ದ, ಚಿತ್ರಕಾರ ರೆಪಿನ್‌ನ ಗೆಳೆಯನಾಗಿದ್ದ, ಟಾಲ್‌ಸ್ಟಾಯ್‌ರನ್ನು ಭೇಟಿಯಾಗಿದ್ದ, ದಶಕಗಟ್ಟಲೆ ದಿನಚರಿ ಇಟ್ಟ. ಮರಣದಂಡನೆಗಳ ಸುರಿಮಳೆಗೆ ತಾನು ಸಹಿ ಹಾಕಲಾರೆನೆಂದು 1908ರಲ್ಲಿ ಸೇವೆಯನ್ನೇ ಬಿಟ್ಟ. ಇಪ್ಪತ್ತು ವರ್ಷ ಸಹಿಸಿಕೊಂಡವನು ಆಗಲೇ ಏಕೆ ಬಿಟ್ಟ ಎಂಬುದಕ್ಕೆ ಉತ್ತರ, ನಿಮ್ಮ ಸಹೋದ್ಯೋಗಿಯ ‘ಕಾನೂನು ಎಲ್ಲಿತ್ತು’ ಎಂಬ ಪ್ರಶ್ನೆಗೂ ಉತ್ತರ.

ಕಾನೂನು ಇತ್ತು, ದಪ್ಪ ಸಂಪುಟಗಳಲ್ಲಿ ಇತ್ತು. ದಿನನಿತ್ಯದ ಪ್ರಕರಣಗಳಲ್ಲಿ ಅದು ನಡೆಯುತ್ತಲೂ ಇತ್ತು. ಓಡಿಹೋದ ಸೈನಿಕ, ಕಾವಲಿನಲ್ಲಿ ನಿದ್ದೆಹೋದವನು, ಕುಡಿದು ಮೇಲಧಿಕಾರಿಯನ್ನು ಬೈದವನು, ಸರ್ಕಾರ ಕೊಟ್ಟ ಬೂಟನ್ನೋ ಕೋಟನ್ನೋ ಮಾರಿಕೊಂಡವನು, ಇವರೇ ಆ ನ್ಯಾಯಾಲಯಗಳ ಕಾಯಂ ಗಿರಾಕಿಗಳು. ಬೂಟು ಮಾರಿಕೊಳ್ಳುವುದಕ್ಕೆ ಪ್ರತ್ಯೇಕ ಅಪರಾಧದ ಹೆಸರೇ ಇತ್ತು. ಮೇಜಿನ ಮೇಲೆ ‘ಝೆರ್ತ್ಸಾಲೊ’ ಎಂಬ ಮೂರು ಮುಖದ ಪಟ್ಟಕ, ತುದಿಯಲ್ಲಿ ಎರಡು ತಲೆಯ ಹದ್ದು, ಪ್ರತಿ ಮುಖಕ್ಕೂ ಕಾನೂನುಪಾಲನೆಯ ಬಗ್ಗೆ ಪೀಟರ್ ಹೊರಡಿಸಿದ ಒಂದೊಂದು ಆಜ್ಞೆ ಅಂಟಿಸಿರುತ್ತಿತ್ತು. ಅದರ ಹಿಂದೆ ಅಧ್ಯಕ್ಷನೂ ಕಾನೂನು ಕಲಿತ ನ್ಯಾಯಾಧೀಶರೂ, ಅವರ ಜೊತೆಗೆ ರೆಜಿಮೆಂಟುಗಳಿಂದ ಸ್ವಲ್ಪ ಕಾಲಕ್ಕೆಂದು ಕರೆತಂದ ಸಾಮಾನ್ಯ ಅಧಿಕಾರಿಗಳೂ ಕೂರುತ್ತಿದ್ದರು. ಬೂಟು ಮಾರಿದ ರೈತಹುಡುಗನ ಮುಂದೆ ಈ ಹದ್ದು, ಈ ಪದಕಗಳು, ಪಕ್ಕದಲ್ಲಿ ಕಡತ ತಿರುವುತ್ತಿರುವ ಇಪ್ಪತ್ತೆಂಟರ ಉಮೇದುವಾರ: ನಿಮ್ಮ ಮೊದಲ ನ್ಯಾಯಾಲಯದ ದೃಶ್ಯ ಇಷ್ಟೇ ಸಣ್ಣದಾಗಿದ್ದರೂ ಸಾಕು.

ಕಾನೂನಿನ ಮುಂಬಾಗಿಲು ಮಾತ್ರ ಬೇರೆಯವರ ಕೈಯಲ್ಲಿತ್ತು. ಸೇನಾ ತನಿಖಾಧಿಕಾರಿ ತಾನಾಗಿ ತನಿಖೆ ಶುರುಮಾಡುವಂತಿರಲಿಲ್ಲ, ಸೇನಾಧಿಕಾರಿಯ ಸೂಚನೆ ಬರಬೇಕಿತ್ತು. ಆರೋಪಿಯನ್ನು ವಿಚಾರಣೆಗೆ ಒಪ್ಪಿಸುವ ನಿರ್ಧಾರವೂ ಕಮಾಂಡರ್‌ನದು. ಪ್ರಾಸಿಕ್ಯೂಟರ್ ಅಭಿಪ್ರಾಯ ಕೊಡುತ್ತಿದ್ದ, ಒಪ್ಪದಿದ್ದರೆ ವಿಷಯ ಮೇಲಕ್ಕೆ ಹೋಗುತ್ತಿತ್ತು. 1864ರ ಸುಧಾರಣೆ ನಾಗರಿಕ ನ್ಯಾಯಾಧೀಶರಿಗೆ ಕೊಟ್ಟ ಸ್ಥಾನಭದ್ರತೆ ಸೇನಾ ನ್ಯಾಯಾಧೀಶರಿಗೆ ದೊರೆಯಲಿಲ್ಲ. ಮೇಲಿನವರಿಗೆ ಹಿಡಿಸದ ನ್ಯಾಯಾಧೀಶ ದೂರದ ಜಿಲ್ಲೆಗೆ ವರ್ಗವಾಗಬಹುದಿತ್ತು. ನೀರಿಲ್ಲದ ಊರಿಗೆ ವರ್ಗ ಎಂಬ ಬೆದರಿಕೆ ನಮ್ಮಲ್ಲೂ ಯಾರಿಗೂ ಹೊಸದಲ್ಲವಾದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಭಾರತದ ಸೇನಾ ಕಾಯಿದೆಯಲ್ಲಿ ಕೋರ್ಟ್ ಮಾರ್ಷಲ್‌ನ ತೀರ್ಪಿಗೆ ಮೇಲಧಿಕಾರಿಯ ಸ್ಥಿರೀಕರಣ ಬೇಕೆಂಬುದು ವಕೀಲರಾದ ನಿಮಗೆ ಗೊತ್ತಿದೆ. ರಷ್ಯಾದಲ್ಲಿ ರೆಜಿಮೆಂಟಿನ ನ್ಯಾಯಾಲಯದ ತೀರ್ಪಿಗೆ ಕಮಾಂಡರ್‌ನ ಒಪ್ಪಿಗೆ ಬೇಕಿತ್ತು. ಜಿಲ್ಲಾ ಸೇನಾ ನ್ಯಾಯಾಲಯ ಸಾಮಾನ್ಯ ಕಾಲದಲ್ಲಿ ಈ ಹಂಗಿನಿಂದ ದೂರವಿತ್ತು.

ಸಾಮಾನ್ಯ ಕಾಲ ಬಹಳ ದಿನ ಉಳಿಯಲಿಲ್ಲ. 1878ರ ಮಾರ್ಚ್‌ನಲ್ಲಿ ನಗರಾಧಿಕಾರಿಗೆ ಗುಂಡು ಹಾರಿಸಿದ ವೆರಾ ಝಸೂಲಿಚ್‌ಳನ್ನು ನಾಗರಿಕ ಜ್ಯೂರಿ ಬಿಡುಗಡೆ ಮಾಡಿತು. ಆಗಸ್ಟ್ 4ರಂದು ಪೊಲೀಸ್ ಮುಖ್ಯಸ್ಥ ಮೆಝೆಂತ್ಸೊವ್‌ನನ್ನು ರಾಜಧಾನಿಯ ಬೀದಿಯಲ್ಲೇ ಇರಿದು ಕೊಂದರು. ಐದೇ ದಿನಗಳಲ್ಲಿ ಬಂದ ಕಾನೂನು, ಅಧಿಕಾರಿಗಳ ಮೇಲಿನ ಸಶಸ್ತ್ರ ದಾಳಿಯ ಪ್ರಕರಣಗಳನ್ನು ಸೇನಾ ನ್ಯಾಯಾಲಯಕ್ಕೆ ವರ್ಗಾಯಿಸಿತು. 1881ರ ಆಗಸ್ಟ್ 14ರ ಭದ್ರತಾ ನಿಯಮಗಳು ಗವರ್ನರ್ ಜನರಲ್‌ಗಳಿಗೆ ನಾಗರಿಕರನ್ನೂ ಈ ನ್ಯಾಯಾಲಯಗಳಿಗೆ ಒಪ್ಪಿಸುವ, ತೀರ್ಪನ್ನು ಸ್ಥಿರೀಕರಿಸುವ ಅಧಿಕಾರ ಕೊಟ್ಟವು. ಬೂಟಿನ ಪ್ರಕರಣ ನೋಡಲು ತರಬೇತಾದವರ ಮುಂದೆ ವಿದ್ಯಾರ್ಥಿಗಳು, ಕಾರ್ಮಿಕರು, ಸೇನಾ ದಂಡಸಂಹಿತೆಯಲ್ಲಿ ಮರಣದಂಡನೆ ವಿಧಿಸುವ 279ನೆಯ ಕಲಮು ಬಂದು ನಿಂತವು.

ಇದರೊಂದಿಗೆ ಇಲಾಖೆಯ ಅಧಿಕಾರಿಗಳ ಪ್ರಾಣಕ್ಕೂ ಅಪಾಯ ಬಂತು. ಕೀವ್ ಸೇನಾ ಜಿಲ್ಲೆಯ ಪ್ರಾಸಿಕ್ಯೂಟರ್ ಸ್ತ್ರೆಲ್ನಿಕೊವ್‌ನನ್ನು 1882ರ ಮಾರ್ಚ್ 18ರಂದು ಒಡೆಸ್ಸಾದಲ್ಲಿ ಗುಂಡಿಟ್ಟು ಕೊಂದರು. ನಾಲ್ಕೇ ದಿನದಲ್ಲಿ ಆರೋಪಿಗಳಿಬ್ಬರಿಗೂ ಗಲ್ಲಾಯಿತು. ಮುಖ್ಯ ಸೇನಾ ಪ್ರಾಸಿಕ್ಯೂಟರ್ ವ್ಲಾದಿಮಿರ್ ಪಾವ್ಲೊವ್ 1906ರ ಬೇಸಿಗೆಯಲ್ಲಿ ಮೊದಲ ದೂಮಾದಲ್ಲಿ, ಅಂದರೆ ರಷ್ಯಾದ ಚುನಾಯಿತ ಸಂಸತ್ತಿನಲ್ಲಿ, ಮಾತಾಡಲು ಎದ್ದಾಗ ಸದಸ್ಯರು ‘ಕೊಲೆಗಡುಕ’ ಎಂದು ಕೂಗಿ ಕೂರಿಸಿದರು. ಅದೇ ಸದನದಲ್ಲಿ ಮರಣದಂಡನೆ ರದ್ದತಿಯ ಮಸೂದೆಯನ್ನು ಮಂಡಿಸಿ ಸಮರ್ಥಿಸಿದವನು ವ್ಲಾದಿಮಿರ್ ಕುಝ್ಮಿನ್-ಕರವಾಯೆವ್. ಅವನೂ ಸೇನಾ ಕಾನೂನು ಅಕಾಡೆಮಿಯ ಪ್ರಾಧ್ಯಾಪಕ, ಅವನೂ ಜನರಲ್! ಒಂದೇ ಇಲಾಖೆಯ ಇಬ್ಬರು ಜನರಲ್‌ಗಳು ಒಂದೇ ಸದನದಲ್ಲಿ ಎದುರುಬದುರಾದ ಆ ದಿನ ನಿಮ್ಮ ಹಸ್ತಪ್ರತಿಯಲ್ಲಿ ಎಲ್ಲೂ ಇಲ್ಲ, ಇದು ನನಗೆ ಆಶ್ಚರ್ಯ. ಪಾವ್ಲೊವ್‌ನನ್ನು ಆ ವರ್ಷದ ಡಿಸೆಂಬರ್ 27ರಂದು ಪ್ರಧಾನ ಸೇನಾ ನ್ಯಾಯಾಲಯದ ಅಂಗಳದಲ್ಲೇ ಕೊಂದರು.

ಈಗ ನಿಮ್ಮ ಶಿಖರದೃಶ್ಯಕ್ಕೆ ಬರುತ್ತೇನೆ. 1906ರ ಆಗಸ್ಟ್ 12ರಂದು ಪ್ರಧಾನಿ ಸ್ತಲೀಪಿನ್‌ನ ಮನೆಯಲ್ಲಿ ಬಾಂಬ್ ಸಿಡಿಯಿತು. ಆಗಸ್ಟ್ 19ರಂದು ಫೀಲ್ಡ್ ಕೋರ್ಟುಗಳು ಹುಟ್ಟಿದವು. ಇವು ಮಿಲ್ಯುತಿನ್ ಕಟ್ಟಿದ ನ್ಯಾಯಾಲಯಗಳಲ್ಲ. ಐವರು ಸೇನಾಧಿಕಾರಿಗಳು, ಅವರು ಕಾನೂನು ಓದಿರಬೇಕಿಲ್ಲ. ಪ್ರಾಸಿಕ್ಯೂಟರ್ ಇಲ್ಲ, ಆರೋಪಿಯ ಪರ ವಕೀಲ ಇಲ್ಲ, ಮೇಲ್ಮನವಿ ಇಲ್ಲ. ವಿಚಾರಣೆ ಎರಡು ದಿನದೊಳಗೆ ಮುಗಿಯಬೇಕು, ತೀರ್ಪು ಇಪ್ಪತ್ನಾಲ್ಕು ಗಂಟೆಯೊಳಗೆ ಜಾರಿಯಾಗಬೇಕು. 1907ರ ಏಪ್ರಿಲ್ 20ರವರೆಗೆ ಇವು ಬಲಿಕೊಟ್ಟವರ ಸಂಖ್ಯೆ 683 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ನ್ಯಾಯಾಲಯದಲ್ಲಿ ನಿಮ್ಮ ನಾಯಕ ಎದ್ದು ವಾದಿಸಲು ಕುರ್ಚಿಯೇ ಇರಲಿಲ್ಲ. ಸೇನಾ ವಕೀಲರನ್ನು ಹೊರಗಿಡುವುದಕ್ಕೆಂದೇ ಅದನ್ನು ಹಾಗೆ ಕಟ್ಟಿದ್ದರು. ಇದಲ್ಲದೆ 1906ಕ್ಕೆ ಅವನಿಗೆ ನಲವತ್ತೊಂಬತ್ತು ವರ್ಷ. ಆ ವಯಸ್ಸಿನಲ್ಲಿ ಅವನು ಉಮೇದುವಾರನಾಗಿ ಉಳಿದಿದ್ದರೆ ಅವನ ಬಗ್ಗೆ ಕಾದಂಬರಿ ಬರೆಯುವ ಕಾರಣವೇ ಬೇರೆಯಾಗುತ್ತಿತ್ತು.

ನಿಮ್ಮ ಮುಂದೆ ಮೂರು ದಾರಿಗಳಿವೆ. ನಾಯಕ ವಿಶ್ವವಿದ್ಯಾಲಯದಲ್ಲಿ ಓದಿದವನಾಗಿಯೇ ಉಳಿಯಬೇಕೆಂದರೆ ಅವನನ್ನು ಸೇನೆಗೆ ಸೇರಿಸದೆ, ಹೊರಗಿನ ನಾಗರಿಕ ವಕೀಲನನ್ನಾಗಿ ಮಾಡಿ ಜಿಲ್ಲಾ ಸೇನಾ ನ್ಯಾಯಾಲಯದಲ್ಲಿ ವಾದಿಸಲು ನಿಲ್ಲಿಸಬಹುದು. ಮುಂದೆ ಪ್ರಧಾನಿಯಾದ ಕೆರೆನ್‌ಸ್ಕಿ ಯುವಕನಾಗಿದ್ದಾಗ ರಾಜಕೀಯ ಆರೋಪಿಗಳ ಪರ ವಾದಿಸಿ ಹೆಸರು ಮಾಡಿದ್ದು ಹೀಗೆಯೇ. ಆದರೆ ಆಗ ನಾಯಕನಿಗೆ ಕೈ ತೊಳೆದುಕೊಂಡು ಹೊರಗೆ ನಿಲ್ಲುವ ಅನುಕೂಲ ಸಿಕ್ಕಿಬಿಡುತ್ತದೆ. ಇಲಾಖೆಯ ಉಪ್ಪು ತಿಂದವನ ಸಂಕಟ ಅವನಿಗೆ ಬರುವುದಿಲ್ಲ, ಪ್ರಾಸಿಕ್ಯೂಟರ್ ಅಧ್ಯಾಯಗಳನ್ನು ಕಿತ್ತುಹಾಕಬೇಕಾಗುತ್ತದೆ.

ಎರಡನೆಯದು, ಫೀಲ್ಡ್ ಕೋರ್ಟನ್ನು ಉಳಿಸಿಕೊಂಡು ನಾಯಕನನ್ನು ಅದರ ಬಾಗಿಲ ಹೊರಗೆ ನಿಲ್ಲಿಸುವುದು. ಸಂಜೆ ಬಂಧನದ ಸುದ್ದಿ, ಮರುದಿನ ತೀರ್ಪಿನ ಸುದ್ದಿ, ಅದರ ಮರುದಿನ ಗಲ್ಲಿನ ಸುದ್ದಿ. ಕಡತ ಅವನ ಮೇಜನ್ನು ಮುಟ್ಟದೆಯೇ ಎಲ್ಲ ಮುಗಿದಿರುತ್ತದೆ. ಇತಿಹಾಸದ ದೃಷ್ಟಿಯಿಂದ ಇದು ನಿಷ್ಠೆಯ ದಾರಿ, ಆದರೆ ನಾಯಕ ಕೈಕಟ್ಟಿ ಕೂರುವ ಅಧ್ಯಾಯವನ್ನು ಬರೆಯುವುದು ಕಷ್ಟ. ಅವನ ಅಸಹಾಯಕತೆ ಹತ್ತು ಪುಟ ದಾಟಿದರೆ ಓದುಗ ಆಕಳಿಸುತ್ತಾನೆ.

ನನ್ನ ಒಲವು ಮೂರನೆಯದಕ್ಕೆ. ವಿಶ್ವವಿದ್ಯಾಲಯವನ್ನು ಬಿಟ್ಟು ಅವನನ್ನು ರೆಜಿಮೆಂಟು, ಅಕಾಡೆಮಿ, ಉಮೇದುವಾರಿಕೆ, ಪ್ರಾಸಿಕ್ಯೂಟರಿಕೆಗಳ ಮೂಲಕ ಕರೆತಂದು, 1907ರ ಏಪ್ರಿಲ್ ನಂತರದ ಜಿಲ್ಲಾ ಸೇನಾ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿ ಕೂರಿಸಿ. ಫೀಲ್ಡ್ ಕೋರ್ಟುಗಳು ಹೋದರೂ ಗಲ್ಲುಗಳು ನಿಲ್ಲಲಿಲ್ಲ, ಕೆಲಸ ಈ ನ್ಯಾಯಾಲಯಗಳಿಗೆ ಬಂತು. ಆರೋಪಿಯ ಪಕ್ಕದಲ್ಲಿ ಈಗ ಬೇರೊಬ್ಬ ಉಮೇದುವಾರ ನಿಂತಿರುತ್ತಾನೆ. ಯುವಕನ ಮೇಲಿನ ಆರೋಪ 279ನೆಯ ಕಲಮಿಗೆ ಸೇರುತ್ತದೆ, ಕಲಮು ಹೇಳುವುದು ಮರಣದಂಡನೆ. ನಾಯಕನ ಕೈಯಲ್ಲಿ ಇನ್ನೂ ಒಂದು ಸಣ್ಣ ಉಪಾಯ ಇದೆ: ತೀರ್ಪಿನ ಜೊತೆಗೆ ಶಿಕ್ಷೆ ಇಳಿಸುವಂತೆ ನ್ಯಾಯಾಲಯವೇ ಮೇಲಧಿಕಾರಿಗೆ ಮನವಿ ಸಲ್ಲಿಸಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಸೆಯಿಂದ ಅವನು ಆ ಸಾಲು ಬರೆಯುತ್ತಾನೆ. ಗವರ್ನರ್ ಜನರಲ್‌ನ ಮೇಜಿನ ಮೇಲೆ ಆ ಸಾಲಿನ ಗತಿ ಏನಾಗುತ್ತದೆ ಎಂಬುದು ನಿಮಗೆ ಬಿಟ್ಟದ್ದು. ಈ ದಾರಿಯ ಅಪಾಯವೂ ಹೇಳುತ್ತೇನೆ: ನಾಯಕ ಇಲ್ಲಿ ವೀರನಾಗಿ ಉಳಿಯುವುದಿಲ್ಲ. ಅವನು ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ ತೀರ್ಪುಗಳೂ ಓದುಗನ ಕಣ್ಣಿಗೆ ಬೀಳುತ್ತವೆ, ಅದಕ್ಕೆ ನೀವು ಸಿದ್ಧರಿರಬೇಕು.

ಕೆಲವು ಸಣ್ಣ ತಿದ್ದುಪಡಿಗಳು. ಆಗಿನ ರಷ್ಯಾ ಜೂಲಿಯನ್ ಪಂಚಾಂಗ ಬಳಸುತ್ತಿತ್ತು; ನಮ್ಮ ಈಗಿನ ತಾರೀಖಿಗಿಂತ ಹತ್ತೊಂಬತ್ತನೆಯ ಶತಮಾನದಲ್ಲಿ 12 ದಿನ, ಇಪ್ಪತ್ತನೆಯದರಲ್ಲಿ 13 ದಿನ ಹಿಂದೆ. ನಾನು ಮೇಲೆ ಕೊಟ್ಟ ತಾರೀಖುಗಳೆಲ್ಲ ಹಳೆಯ ಲೆಕ್ಕದವು. ಎರಡನ್ನೂ ಬೆರೆಸಬೇಡಿ. ವೃತ್ತಿಯ ಆರಂಭದಲ್ಲಿ ನಾನೇ ಹೀಗೆ ಬೆರೆಸಿ, ಒಬ್ಬಾತನಿಗೆ ಬಂಧನಕ್ಕಿಂತ ಮೊದಲೇ ಶಿಕ್ಷೆ ಕೊಡಿಸಿದ್ದೆ. ನಾಯಕನ ಸೇವಾವಿವರವನ್ನು ಕಾಗದದ ಮೇಲೆ ತೋರಿಸಬೇಕೆಂದರೆ ‘ಪೊಸ್ಲುಝ್ನೊಯ್ ಸ್ಪೀಸೊಕ್’ ಎಂಬ ಸೇವಾಪಟ್ಟಿಯ ರೂಪ ಬಳಸಿ. ನಮ್ಮ ಸರ್ಕಾರಿ ನೌಕರರ ಸರ್ವಿಸ್ ರಿಜಿಸ್ಟರ್‌ನ ಅಣ್ಣ ಅದು: ಪದವಿ, ಮತ, ಕುಲ, ಓದು, ಪದಕ, ಸಂಬಳ, ದಂಡಯಾತ್ರೆಗಳ ಜೊತೆಗೆ ಹೆಂಡತಿ ಮಕ್ಕಳ ವಿವರವೂ ಅದರಲ್ಲಿರುತ್ತಿತ್ತು. ಅಂಥ ಪಟ್ಟಿಗಳ ದೊಡ್ಡ ಸಂಗ್ರಹ ಮಾಸ್ಕೋದ ಸೇನಾ ಇತಿಹಾಸ ಪತ್ರಾಗಾರದಲ್ಲಿದೆ.

ಕೊನೆಯದಾಗಿ, ನಿಮ್ಮ ಹಸ್ತಪ್ರತಿಯ ನ್ಯಾಯಾಲಯದಲ್ಲಿ ಎಲ್ಲರೂ ‘ಮೈ ಲಾರ್ಡ್’ ಎನ್ನುತ್ತಾರೆ. ಅದು ಧಾರವಾಡದ ಕೋರ್ಟಿನಿಂದ ಅಲ್ಲಿಗೆ ಹೋದ ಮಾತು. ಸೈನಿಕನು ಕ್ಯಾಪ್ಟನ್ ದರ್ಜೆಯ ಉಮೇದುವಾರನನ್ನು ‘ವಾಶೆ ಬ್ಲಾಗೊರೊದಿಯೆ’ ಎಂದೂ, ಕರ್ನಲ್‌ನನ್ನು ‘ವಾಶೆ ವಿಸೊಕೊಬ್ಲಾಗೊರೊದಿಯೆ’ ಎಂದೂ, ಮೇಜರ್ ಜನರಲ್ ಆದ ಅಧ್ಯಕ್ಷನನ್ನು ‘ವಾಶೆ ಪ್ರೆವೊಸ್ಖೊದಿತೆಲ್ಸ್ತ್ವೊ’ ಎಂದೂ ಕರೆಯಬೇಕಿತ್ತು. ಮೊದಲ ದೃಶ್ಯದ ರೈತಹುಡುಗ ಇವುಗಳಲ್ಲಿ ತಡವರಿಸಿ, ಅಧ್ಯಕ್ಷನಿಗೆ ಕರ್ನಲ್‌ನ ಮಾತು ಹೇಳಿಬಿಟ್ಟರೆ ಅಸಹಜವೇನಲ್ಲ. ಪಕ್ಕದ ಉಮೇದುವಾರ ಮೆಲ್ಲಗೆ ಅವನ ಕಿವಿಯಲ್ಲಿ ಸರಿಯಾದ ಮಾತನ್ನು ಹೇಳಿಕೊಡಲಿ.